ಮೇಡಂ ತಪ್ಪಾಗಿ ಓದಿದ ದಾರಿ

ಕಳೆದ ತಿಂಗಳು ಕೋಲಾರದಲ್ಲಿ ನಡೆದ ನಮ್ಮ ಮೇಡಂ ಶ್ರದ್ಧಾಂಜಲಿ ಸಭೆಯಲ್ಲಿ ನಿವೃತ್ತ ಪ್ರೊಫೆಸರೊಬ್ಬರು ಮೈಕಿನ ಮುಂದೆ ನಿಂತು ಹೇಳಿದರು: "ಬಹಳ ಹಟದ ಹೆಣ್ಣುಮಗಳು. ಇಂಗ್ಲಿಷ್ ಪ್ರಬಂಧದಲ್ಲಿ ಊರಿನ ಹೆಸರು ಇರಲೇಬೇಕು ಅಂತ ಜೀವಮಾನವಿಡೀ ಜಗಳ ಆಡಿದ್ರು. ಆದ್ರೆ ಅವರಿಗೆ ಹೆಸರು ತಂದ ಕೊನೇ ಪ್ರಬಂಧದಲ್ಲಿ ಊರೇ ಇಲ್ಲ. ದೊಡ್ಡ ಪತ್ರಿಕೆ ಅಂದಾಗ ಅವರೂ ಬಗ್ಗಿದ್ರು ಪಾಪ."

ಸಭೆಯಲ್ಲಿ ಸಣ್ಣದೊಂದು ನಗು ಎದ್ದಿತು. ನನ್ನ ಮೈ ಉರಿಯಿತು. ಎದ್ದು ಹೋಗಿ ಮೈಕು ಕಿತ್ತುಕೊಳ್ಳಬೇಕೆನ್ನಿಸಿತು. ಆದರೆ ಆ ಊರು ಏಕೆ ಇಲ್ಲವೆಂದು ಹೇಳಲು ಆಗ ನನಗೆ ಅನುಮತಿ ಇರಲಿಲ್ಲ. ಈಗ, ಅದು ಯಾರ ಕಥೆಯೋ ಅವರೇ ಬರೆಯಿರಿ ಎಂದಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ. ಮೇಡಂ ಹೆಸರನ್ನಾಗಲಿ ಆ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ. ಒಂದು ಗೊತ್ತಾದರೆ ಇನ್ನೊಂದು ತಾನಾಗಿ ಗೊತ್ತಾಗುತ್ತದೆ.

ನಾನು ಈಗ ಶ್ರೀನಿವಾಸಪುರದಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಆಗ ಮುಳಬಾಗಿಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ಕುಳ್ಳಗೆ, ಕಪ್ಪಗೆ, ಮೊಣಕೈವರೆಗಿನ ತೋಳಿನ ರವಿಕೆ ತೊಟ್ಟು, ಹೆಗಲಿಗೆ ಒಂದು ದೊಡ್ಡ ಬಟ್ಟೆ ಚೀಲ ಹಾಕಿಕೊಂಡು ಬರುತ್ತಿದ್ದರು. ಚೀಲದಲ್ಲಿ ಪುಸ್ತಕಕ್ಕಿಂತ ಬೇಯಿಸಿದ ಕಡಲೆಕಾಯಿಯೇ ಹೆಚ್ಚು. ಪೇಪರು ತಿದ್ದುವಾಗ ತಿನ್ನುತ್ತಿದ್ದರು, ಬೈಯುವಾಗ ನಿಲ್ಲಿಸುತ್ತಿದ್ದರು. ಅವರು ಕಡಲೆಕಾಯಿಯ ಪೊಟ್ಟಣ ಮಡಿಸಿಟ್ಟು ಕನ್ನಡಕ ಹಣೆಗೇರಿಸಿದರೆಂದರೆ ಎದುರಿಗಿದ್ದವರಿಗೆ ಗ್ರಹಚಾರ ಕಾದಿದೆ ಎಂದೇ ಅರ್ಥ.

ಅವರ ಇಂಗ್ಲಿಷು ಮುಳಬಾಗಿಲಿನ ಇಂಗ್ಲಿಷು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಹಾಗಾಗಿ ಇಂಗ್ಲಿಷಿನ ವಾಕ್ಯವೂ ಕೊನೆಯಲ್ಲಿ ತೆಲುಗಿನ ಹಾಗೆ ಸ್ವಲ್ಪ ಎಳೆದುಕೊಂಡೇ ನಿಲ್ಲುತ್ತಿತ್ತು. ಬೆಂಗಳೂರಿನಿಂದ ಬಂದ ಅತಿಥಿಗಳು ಹುಬ್ಬು ಏರಿಸಿದರೆ ಇನ್ನೂ ಎಳೆಯುತ್ತಿದ್ದರು. ಬೇಕೆಂದೇ.

ಸಹೋದ್ಯೋಗಿಗಳು ಹಿಂದಿನಿಂದ ಅವರನ್ನು ತಹಶೀಲ್ದಾರ್ ಮೇಡಂ ಎನ್ನುತ್ತಿದ್ದರು. ಯಾರಾದರೂ ಏನಾದರೂ ಬರೆದು ತಂದರೆ ಅವರ ಮೊದಲ ಪ್ರಶ್ನೆ "ಯಾವೂರು? ಯಾವ ಹೋಬಳಿ?" ಎನ್ನುವುದೇ. ಒಬ್ಬ ಹುಡುಗ "ಮಾನ್ಯ ಓದುಗರೇ, ಗ್ರಾಮೀಣ ವಿದ್ಯಾರ್ಥಿಗಳು ಇಂಗ್ಲಿಷಿಗೆ ಹೆದರುತ್ತಾರೆ" ಎಂದು ಬರೆದುಕೊಂಡು ಬಂದಿದ್ದ. ಮೇಡಂ ಕನ್ನಡಕ ಹಣೆಗೇರಿಸಿದರು.

"ಗ್ರಾಮೀಣ ಅನ್ನೋ ಊರು ಎಲ್ಲಿದೆಯಪ್ಪಾ? ಯಾವ ಬಸ್ ಹತ್ಬೇಕು ಅಲ್ಲಿಗೆ?"

"ಅಂದ್ರೆ ಮೇಡಂ... ನಮ್ಮ ಕಡೆ."

"ನಮ್ಮ ಕಡೆ ಅಂದ್ರೆ ನಂಗಲೀನಾ? ನಂಗಲಿ ಹುಡುಗ್ರು ಲಾರಿ ಡ್ರೈವರ್‌ಗಳ ಹತ್ರ ಇಂಗ್ಲಿಷೂ ಮಾತಾಡ್ತಾರೆ, ತಮಿಳೂ ಮಾತಾಡ್ತಾರೆ, ಯಾರಿಗೂ ಹೆದರಲ್ಲ. ಹೋಗು, ಊರಿನ ಹೆಸರು ಬರ್ಕೊಂಡು ಬಾ."

ಇದು ಬರೀ ಹಟವಾಗಿರಲಿಲ್ಲ, ಅದರ ಹಿಂದೆ ಒಂದು ಸಿಟ್ಟಿತ್ತು. ಇಂಗ್ಲಿಷಿನ ದೊಡ್ಡ ದೊಡ್ಡ ಪತ್ರಿಕೆಗಳನ್ನು ಮುಂದೆ ಹರಡಿಕೊಂಡು ನನಗೆ ತೋರಿಸುತ್ತಿದ್ದರು. ಅಲ್ಲೆಲ್ಲೋ ಹೊರದೇಶದ ಒಂದು ಪಟ್ಟಣದ ಬೆರಳೆಣಿಕೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ ಬರೆದ ಪ್ರಬಂಧಕ್ಕೆ 'ವಿದ್ಯಾರ್ಥಿಗಳು ಹೇಗೆ ಬರೆಯುತ್ತಾರೆ' ಎಂದೇ ತಲೆಬರಹ. ಅವರಿಗೆ ಊರು ಬೇಕಿಲ್ಲ, ಅವರ ಊರೇ ಲೋಕ. ನಾವು ನಮ್ಮ ಮಕ್ಕಳ ಬಗ್ಗೆ ಬರೆದರೆ ಸಂಪಾದಕರಿಂದ ಬರುವ ಪ್ರಶ್ನೆ ಯಾವಾಗಲೂ ಒಂದೇ. ಈ ಜಾಗ ನಮ್ಮ ಓದುಗರಿಗೆ ಗೊತ್ತಿಲ್ಲ, ಇದನ್ನು 'ದಕ್ಷಿಣ ಭಾರತದ ಒಂದು ಹಳ್ಳಿ' ಎಂದು ಬದಲಿಸಬಹುದೇ?

"ಗೊತ್ತಿಲ್ಲದಿದ್ರೆ ಗೊತ್ತು ಮಾಡ್ಕೊಳ್ಳಲಿ," ಎನ್ನುತ್ತಿದ್ದರು ಮೇಡಂ. "ಅವರ ಊರಿನ ಬೀದಿಗಳ ಹೆಸರನ್ನೆಲ್ಲ ನಾವು ಬಾಯಿಪಾಠ ಮಾಡಿ ಎಂ.ಎ. ಪಾಸ್ ಮಾಡ್ಲಿಲ್ವಾ?"

ಹೀಗೆ ವಾದ ಮಾಡಿ ಮಾಡಿ ಎಷ್ಟೋ ಪ್ರಬಂಧಗಳು ವಾಪಸ್ಸು ಬಂದವು. ಬಡ್ತಿ ತಡವಾಯಿತು. ಅವರಿಗಿಂತ ಕಿರಿಯರು ಅವರನ್ನು ದಾಟಿ ಮುಂದೆ ಹೋದರು. ಮೇಡಂಗೆ ಅದರ ನೋವು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಬಡ್ತಿ ಪಡೆದವರ ಸಿಹಿ ಹಂಚಿಕೆಯ ದಿನ ತಲೆನೋವೆಂದು ಮನೆಗೆ ಹೊರಟುಬಿಡುತ್ತಿದ್ದರು.

ಅವರದೇ ಆದ ಇನ್ನೊಂದು ಪದ್ಧತಿ ಇತ್ತು. ಯಾವ ಊರಿನ ಬಗ್ಗೆ ಬರೆದರೂ, ಕಳಿಸುವ ಮುಂಚೆ ಆ ಊರಿಗೆ ಹೋಗಿ ಅದನ್ನು ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ, ಅಲ್ಲಿಯ ಜನಕ್ಕೆ ಓದಿ ಹೇಳಬೇಕು. ನಮ್ಮ ಕೈಲೂ ಮಾಡಿಸುತ್ತಿದ್ದರು. ಮಾಲೂರಿನ ಇಟ್ಟಿಗೆ ಗೂಡುಗಳ ಕೆಲಸಗಾರರ ಮಕ್ಕಳ ಮೇಲೆ ನಾನೊಂದು ಪ್ರಬಂಧ ಬರೆದಾಗ ಆ ಗೂಡಿನ ಮುಂದೆಯೇ ನಿಲ್ಲಿಸಿ ಓದಿಸಿದರು. ಊಟದ ಹೊತ್ತು, ಹೆಂಗಸರು ಅನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನಾನು ಬೆವರುತ್ತಾ ಓದಿದೆ. ಮುಗಿದ ಮೇಲೆ ಒಬ್ಬಾಕೆ "ಎಲ್ಲಾ ಸರಿ ಕಣಮ್ಮ, ನಮ್ಮ ಮಕ್ಳು ನಗ್ತಾರೆ ಅಂತ ಎಲ್ಲೂ ಬರ್ದೇ ಇಲ್ವಲ್ಲ?" ಎಂದು ಕೇಳಿದಳು. ಮೇಡಂ ನನ್ನ ಕಡೆ ತಿರುಗಿ "ಚೂಡು, ನೋಡು ಇಲ್ಲಿ, ಕೇಳಿಸ್ಕೊಂಡ್ಯಾ?" ಎಂದರು. ವಾಪಸ್ಸು ಬಂದು ಒಂದು ಪುಟ ಸೇರಿಸಿದೆ.

ಈ ಪದ್ಧತಿಯೇ ಮುಂದೆ ನಮ್ಮ ಕುತ್ತಿಗೆಗೆ ಬಂತು.

ಮೇಡಂ ನಿವೃತ್ತಿಗೆ ಹತ್ತಿರವಾಗಿದ್ದಾಗ ಕೈಗೆತ್ತಿಕೊಂಡ ಕೊನೆಯ ದೊಡ್ಡ ಕೆಲಸ ಅದು. ಇಂಗ್ಲಿಷ್ ರಚನೆಯ ಪುಸ್ತಕಗಳಲ್ಲಿ 'ನಾನು ಕಂಡ ಗಿರಿಧಾಮ' ಎಂಬಂಥ ವಿಷಯಗಳೇ ಇರುತ್ತವೆ. ಗಿರಿಧಾಮವನ್ನೇ ನೋಡದ ನಮ್ಮ ಮಕ್ಕಳು ಗೈಡಿನಿಂದ ಹಿಮವನ್ನೂ ಪೈನ್ ಮರಗಳನ್ನೂ ಇಳಿಸಿ ಬರೆಯುತ್ತಾರೆ. ಮೇಡಂ ಅದನ್ನು ಬಿಟ್ಟು ಅಂತಿಮ ವರ್ಷದವರಿಗೆ ಹೇಳಿದರು: "ಮನೆ ಬಾಗಿಲಿಂದ ಬಸ್ಸಿನವರೆಗೆ ನೀವು ನಡೆಯೋ ದಾರಿ ಬರೀರಿ. ಅಷ್ಟೇ. ತಪ್ಪಾದ್ರೂ ಪರವಾಗಿಲ್ಲ, ಸುಳ್ಳಾಗಬಾರದು."

ಬಂದ ಬರಹಗಳನ್ನು ಓದಿ ನಾವಿಬ್ಬರೂ ದಂಗಾದೆವು. ಅದರಲ್ಲೂ ಒಬ್ಬ ಹುಡುಗಿಯದು. ಬೈರಕೂರಿನ ಕಡೆಯ ಒಂದು ಊರು ಅವಳದು. ಮಾತೇ ಆಡದ ಹುಡುಗಿ, ಕೊನೆಯ ಬೆಂಚು. ಮನೆಯ ಹಿತ್ತಲಿನಿಂದ ಹೊರಟು, ರೇಷ್ಮೆಸೊಪ್ಪಿನ ತೋಟದ ಬದುವಿನ ಮೇಲೆ ನಡೆದು, ಪಂಪ್‌ಹೌಸು ದಾಟಿ, ಬಲಕ್ಕೆ ತಿರುಗಿ, ನೀರಿಲ್ಲದ ಕುಂಟೆಯ ಹೊಂಡದೊಳಗೆ ಇಳಿದು ಹತ್ತಿ, ಮುಖ್ಯರಸ್ತೆಯಲ್ಲಿ ತನ್ನೂರಿನ ಬಸ್ಸು ನಿಲ್ಲುವ ಗೇಟ್ ಬಿಟ್ಟು ಪಕ್ಕದೂರಿನ ಗೇಟ್‌ನಲ್ಲಿ ಬಸ್ಸು ಹತ್ತುತ್ತಾಳೆ. ಕುಂಟೆಯೊಳಗೆ ಇರುವಾಗ ಮೇಲಿನವರಿಗೆ ತಾನು ಕಾಣುವುದಿಲ್ಲ, ಅಲ್ಲಿ ಮಾತ್ರ ನಿಂತು ಉಸಿರು ಬಿಡುತ್ತೇನೆ ಎಂದು ಬರೆದಿದ್ದಳು. ಅವಳ ಇಂಗ್ಲಿಷ್ ಮುರುಕು ಮುರುಕಾಗಿತ್ತು, ಆದರೆ ಓದುವಾಗ ನಾವೂ ಅವಳ ಜೊತೆ ಕುಂಟೆಗೆ ಇಳಿದಿದ್ದೆವು. ಬೀದಿಯಲ್ಲಿ ಪಡ್ಡೆ ಹುಡುಗರ ಕಾಟ ಇರಬೇಕು, ಅದಕ್ಕೇ ಸುತ್ತು ದಾರಿ ಎಂದುಕೊಂಡೆವು. ಕೇಳಲಿಲ್ಲ. ಇಂಗ್ಲಿಷಿನದನ್ನು ಊರಲ್ಲಿ ಯಾರು ಓದ್ತಾರೆ ಎಂದು ಅವಳು ಒಪ್ಪಿದ ಮೇಲೆ, ಹೆಸರು ಬದಲಿಸಿ, ಆ ದಾರಿಯನ್ನೇ ನಡುವಿಗಿಟ್ಟುಕೊಂಡು ಮೇಡಂ ಪ್ರಬಂಧ ಬರೆದರು. ತಲೆಬರಹದಲ್ಲಿ ಅವಳ ಊರಿನ ಹೆಸರು.

ಹೊರದೇಶದ ದೊಡ್ಡ ಪತ್ರಿಕೆಯೊಂದು ಪ್ರಬಂಧವನ್ನು ಮೆಚ್ಚಿತು. ಎಂದಿನಂತೆ ಊರಿನ ಹೆಸರು ತೆಗೆಯಿರಿ ಎಂದಿತು. ಎಂದಿನಂತೆ ಮೇಡಂ ಆಗುವುದಿಲ್ಲ ಎಂದರು. ಮೇಲ್‌ಗಳು ಆ ಕಡೆಯಿಂದ ಈ ಕಡೆಗೆ ಓಡಾಡಿದವು. ಕೊನೆಗೊಂದು ದಿನ ಸಂಪಾದಕರು ಒಪ್ಪಿಬಿಟ್ಟರು! ಹೆಸರು ಇರಲಿ ಎಂದರು. ಮೇಡಂ ಅಂದು ವಿಭಾಗಕ್ಕೆಲ್ಲ ಕಡಲೆಕಾಯಿ ಹಂಚಿದರು. "ಒಂದಾದ್ರೂ ಗೆದ್ದೆ ಕಣೇ," ಎಂದು ನನ್ನ ಕೈ ಹಿಡಿದು ಹೇಳಿದರು.

ಊರಿಗೆ ಹೋಗಿ ಓದುವುದೊಂದು ಬಾಕಿ ಇತ್ತು. ಸಂಜೆ ಹಾಲು ಹಾಕಲು ಎಲ್ಲರೂ ಡೈರಿಗೆ ಬರುತ್ತಾರೆ, ಅಲ್ಲೇ ಓದೋಣವೆಂದು ಹೊರಟೆವು. ಆ ಹುಡುಗಿ ಅಂದು ತರಗತಿಗೆ ಬಂದಿರಲಿಲ್ಲ. ಬಂದಿದ್ದರೆ ಹೇಳಿಯೇ ಹೋಗುತ್ತಿದ್ದೆವು, ಆಗ ಅವಳು ನಮ್ಮನ್ನು ತಡೆಯುತ್ತಿದ್ದಳು.

ಡೈರಿಯ ಸೆಕ್ರೆಟರಿ ಮೂವತ್ತರ ಆಸುಪಾಸಿನ ಗಟ್ಟಿ ಆಳು, ಬಿಳಿ ಶರಟು, ಕೈಯಲ್ಲಿ ದೊಡ್ಡ ಫೋನು. ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿಸಿದ. ಮೇಡಂ ಆಗಲೇ ಜಗಲಿಯ ಮೇಲಿನ ಮುದುಕಿಯರ ನಡುವೆ ಕೂತು ತೆಲುಗಿನಲ್ಲಿ ಹರಟೆ ಶುರು ಮಾಡಿದ್ದರು. ಸೆಕ್ರೆಟರಿ ಹಾಲು ಅಳೆಯುತ್ತಲೇ ನನ್ನ ಜೊತೆ ಮಾತಿಗೆ ನಿಂತ.

"ನಮ್ಮಕ್ಕನ ಮಗಳೂ ನಿಮ್ಮ ಕಾಲೇಜಲ್ಲೇ ಓದ್ತಿದ್ಲು ಮೇಡಂ. ಈಗ ಬಿಡಿಸ್ಬಿಟ್ವಿ."

"ಯಾಕೆ?"

"ನನಗೇ ಕೊಡೋದು ಅಂತ ಮಾತಾಯ್ತಲ್ಲ. ಮದುವೆ ಆದ್ಮೇಲೆ ಓದ್ಕೊಂಡು ಏನ್ಮಾಡ್ತಾಳೆ? ಟೈಲರಿಂಗ್ ಕಲಿ ಅಂದ್ವಿ. ದಿನಾ ಮುಳಬಾಗಿಲಿಗೆ ಹೋಗಿ ಕಲ್ತ್ಕೊಂಡು ಬರ್ತಾಳೆ." ಅಭಿಮಾನದಿಂದ ಅವಳ ಹೆಸರನ್ನೂ ಹೇಳಿದ.

ಹಿಂದಿನ ದಿನ ತಾನೇ ಅವಳು ನನ್ನ ತರಗತಿಯಲ್ಲಿ ಕೂತಿದ್ದಳು. ಸುತ್ತು ದಾರಿ ಯಾಕೆ, ಪಕ್ಕದೂರಿನ ಗೇಟ್ ಯಾಕೆ, ಕುಂಟೆಯೊಳಗೆ ಉಸಿರು ಬಿಡುವುದು ಯಾಕೆ, ಎಲ್ಲ ಒಂದೇ ಸಲಕ್ಕೆ ಹೊಳೆಯಿತು. ಊರಿನ ಗೇಟ್‌ಗೆ ಹೋಗಬೇಕಾದರೆ ಈ ಡೈರಿಯ ಮುಂದೆಯೇ ಹೋಗಬೇಕು. ಹೊಲಿಗೆ ಬಟ್ಟೆಯ ಚೀಲದ ಬದಲು ಪುಸ್ತಕದ ಚೀಲ ಹೊತ್ತ ಹುಡುಗಿ ಇವನ ಮುಂದೆ ಹಾದುಹೋಗುವುದು ಹೇಗೆ?

ತಿರುಗಿ ನೋಡಿದರೆ ಮೇಡಂ ಆಗಲೇ ಎದ್ದು ನಿಂತು ಹಾಳೆ ಬಿಡಿಸಿದ್ದರು. ಓದು ಶುರುವಾಗಿತ್ತು.

ನಾನು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಲು ನೋಡಿದೆ. ಕ್ಯಾನುಗಳು, ಸಾಲು, ಹಾಲು ಚೆಲ್ಲುತ್ತೆ ನಿಧಾನ ಎಂದು ಯಾರೋ ಗದರಿದರು. ಅಲ್ಲೇ ನಿಂತೆ. ಮೇಡಂ ನನ್ನ ಕಡೆ ನೋಡಲಿ ಎಂದು ದೇವರನ್ನು ಬೇಡಿಕೊಂಡೆ. ಅವರು ಓದಿನಲ್ಲಿ ಮುಳುಗಿದ್ದರು. ಅವರ ಓದು ಯಾವಾಗಲೂ ಹಾಗೇ, ಹಾಳೆಯಲ್ಲಿದ್ದ ಇಂಗ್ಲಿಷನ್ನು ಅಲ್ಲಲ್ಲೇ ಕನ್ನಡ ಮಾಡುತ್ತಾ, ಕೈ ಆಡಿಸುತ್ತಾ, ಕಥೆ ಹೇಳಿದ ಹಾಗೆ.

"ಈ ಊರಲ್ಲಿ ಒಬ್ಬ ಹುಡುಗಿ. ಬೆಳಗ್ಗೆ ಹಿತ್ತಲ ಬಾಗಿಲಿಂದ ಹೊರಡ್ತಾಳೆ. ರೇಷ್ಮೆಸೊಪ್ಪಿನ ತೋಟದ ಬದುವಿನ ಮೇಲೆ ನಡೀತಾಳೆ..."

"ಎವರು ಆ ಪಿಲ್ಲ?" ಎಂದಳು ಒಬ್ಬ ಮುದುಕಿ, ಯಾರಮ್ಮ ಆ ಹುಡುಗಿ ಎಂದು.

"ಹೆಸರು ಹೇಳೋ ಹಾಗಿಲ್ಲಮ್ಮ. ಆಮೇಲೆ ಪಂಪ್‌ಹೌಸ್ ದಾಟ್ತಾಳೆ..."

"ಹಿತ್ತಲಲ್ಲೇ ಸೊಪ್ಪಿನ ತೋಟ, ಆಮೇಲೆ ಪಂಪ್‌ಹೌಸ್," ಎಂದ ಕ್ಯಾನು ಹಿಡಿದ ಇನ್ನೊಬ್ಬ, ಲೆಕ್ಕ ಹಾಕುವವನ ಹಾಗೆ. "ಅಂಥ ಮನೆ ನಮ್ಮೂರಲ್ಲಿ ಎಷ್ಟಿದೆ?"

ಹಾಲು ಅಳೆಯುತ್ತಿದ್ದ ಸೆಕ್ರೆಟರಿಯ ಕೈ ನಿಂತಿತು. ಅವನು ತಲೆ ಎತ್ತಿದ. ಮುಖದ ಮೇಲೆ ಇನ್ನೂ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ.

"ಮುಂದಕ್ಕೆ ಓದಿ ಮೇಡಂ. ಪಂಪ್‌ಹೌಸ್ ದಾಟಿ ಎಲ್ಲಿಗೆ ಹೋಗ್ತಾಳಂತೆ?"

ನಾವು ಹೆಸರು ಬದಲಿಸಿದ್ದೆವು, ದಾರಿಯನ್ನು ಹಾಗೇ ಬಿಟ್ಟಿದ್ದೆವು. ಊರು, ಊರು ಎಂದು ಬಡಿದಾಡುತ್ತಿದ್ದ ನಮಗಿಬ್ಬರಿಗೂ ಊರಿನಲ್ಲಿ ದಾರಿ ಹೇಳಿದರೆ ಮನೆ ಹೇಳಿದ ಹಾಗೇ ಎಂಬುದು ತೋಚಿರಲಿಲ್ಲ. ಪಂಪ್‌ಹೌಸ್ ಆದ ಮೇಲೆ ಬಲಕ್ಕೆ ತಿರುಗಿದರೆ ಕುಂಟೆ. ಕುಂಟೆ ಎಂಬ ಮಾತು ಬಾಯಿಂದ ಬಂದರೆ ಮುಗಿಯಿತು.

ಆಗ ಮೇಡಂ ತಲೆ ಎತ್ತಿದರು. ಮೊದಲು ಸೆಕ್ರೆಟರಿಯನ್ನು ನೋಡಿದರು, ಆಮೇಲೆ ನನ್ನನ್ನು. ನನ್ನ ಮುಖ ಹೇಗಿತ್ತೋ ನನಗೆ ತಿಳಿಯದು. ಅವರು ಕನ್ನಡಕ ಹಣೆಗೇರಿಸಲಿಲ್ಲ. ಹಾಳೆಯನ್ನು ಇನ್ನಷ್ಟು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಓದಿದರು.

"ಪಂಪ್‌ಹೌಸ್ ದಾಟಿ ಎಡಕ್ಕೆ ತಿರುಗ್ತಾಳೆ. ಸ್ಕೂಲ್ ಹಿಂದೆ ದೊಡ್ಡ ಕೆರೆ. ಕೆರೆ ಏರಿ ಮೇಲೆ ನಡ್ಕೊಂಡು, ತಾವರೆ ಹೂ ನೋಡ್ಕೊಂಡು, ಕೆರೆ ನೀರಲ್ಲಿ ಕಾಲು ತೊಳ್ಕೊಂಡು..."

ಆ ಊರಿನ ಶಾಲೆಯ ಹಿಂದೆ ಕೆರೆ ಇಲ್ಲ. ಬಂಡೆ ಇದೆ. ತಾವರೆ ಹೂವಂತೂ ಆ ಸೀಮೆಯಲ್ಲೇ ಇಲ್ಲ.

ಸಾಲಿನ ಹಿಂದಿನಿಂದ ನಡುವಯಸ್ಸಿನವರೊಬ್ಬರು ಗಟ್ಟಿಯಾಗಿ ನಕ್ಕರು. "ಏನ್ ಮೇಡಂ, ನಮ್ಮೂರಿಗೇ ಬಂದು ನಮಗೇ ದಾರಿ ತಪ್ಪಿಸ್ತೀರಾ! ಸ್ಕೂಲ್ ಹಿಂದೆ ಕೆರೆ ಯಾವತ್ತು ಬಂತ್ರೀ?"

ಅವರು ನಕ್ಕಿದ್ದೇ ತಡ, ಎಲ್ಲರೂ ನಕ್ಕರು. ಮುದುಕಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಇಷ್ಟು ಓದಿದವರಿಗೆ ಎಡ ಬಲ ಗೊತ್ತಿಲ್ಲ ಎಂದಿತು ಒಂದು ದನಿ. ಕಾರಿನಲ್ಲಿ ಓಡಾಡುವವರು ನಮ್ಮೂರನ್ನು ಎಲ್ಲಿ ನೋಡಿರುತ್ತಾರೆ ಎಂದಿತು ಇನ್ನೊಂದು. ಜೀವಮಾನದಲ್ಲಿ ಕಾರನ್ನೇ ಕೊಳ್ಳದೆ, ಕೆಂಪು ಬಸ್ಸಿನಲ್ಲಿ ತಾಲ್ಲೂಕಿನ ಒಂದೊಂದು ಊರನ್ನೂ ಸುತ್ತಿದ್ದ ಹೆಂಗಸು ಅದನ್ನೆಲ್ಲ ಕೇಳಿಸಿಕೊಂಡು ಪೆಚ್ಚಾಗಿ ನಿಂತಿದ್ದರು.

"ಹೌದಾ? ಹಾಗಾದ್ರೆ ಯಾವುದೋ ಬೇರೆ ಊರಿಂದು ಸೇರ್ಕೊಂಡ್ಬಿಟ್ಟಿದೆ. ವಯಸ್ಸಾಯ್ತಪ್ಪಾ," ಎಂದರು.

ಸೆಕ್ರೆಟರಿಯೂ ನಕ್ಕ. ಆದರೆ ಬಿಡಲಿಲ್ಲ. "ಆ ಪೇಪರ್ ಕೊಡಿ ಮೇಡಂ, ನಾನೂ ನೋಡ್ತೀನಿ. ಪಿಯುಸಿವರೆಗೆ ಓದಿದ್ದೀನಿ, ಇಂಗ್ಲಿಷ್ ಬರತ್ತೆ."

"ಗೀಚಿದ್ದೀನಪ್ಪಾ, ನನ್ನ ಕೈಬರಹ ನನಗೇ ತಿಳಿಯಲ್ಲ," ಎನ್ನುತ್ತಾ ಮೇಡಂ ಹಾಳೆಗಳನ್ನು ಮಡಿಸಿ ಕಡಲೆಕಾಯಿಯ ಕೆಳಗೆ ತುರುಕಿದರು.

"ಸರಿ, ಅಚ್ಚಾದ್ಮೇಲೆ ಲಿಂಕ್ ಕಳ್ಸಿ. ನಮ್ಮೂರ ಹೆಸರಿರತ್ತಲ್ಲ, ಗ್ರೂಪ್‌ಗೆ ಹಾಕ್ತೀನಿ. ಒಂದಕ್ಷರ ಬಿಡದೆ ಓದ್ತೀನಿ."

ನಾವು ಊರಿನ ಗೇಟ್ ಕಡೆಗೆ ನಡೆದೆವು. ಬೇಗ ಬೇಗ ನಡೆದೆವು ಎನ್ನಬೇಕು. ನಾನು ಗೊತ್ತಾಗಿದ್ದನ್ನೆಲ್ಲ ಏದುಸಿರಿನಲ್ಲೇ ಹೇಳಿದೆ. ಮೇಡಂ "ನಿನ್ನ ಮುಖ ನೋಡ್ದೆ, ಸಾಕಾಯ್ತು" ಎಂದರಷ್ಟೇ. ಅಷ್ಟರಲ್ಲಿ ಹಿಂದಿನಿಂದ ಮೊಪೆಡ್ಡಿನ ಸದ್ದು ಕೇಳಿತು. ಮೊದಲು ನಕ್ಕಿದ್ದ ಆ ನಡುವಯಸ್ಸಿನವರೇ. ಹ್ಯಾಂಡಲ್ಲಿಗೆ ಖಾಲಿ ಕ್ಯಾನು. ನಮ್ಮನ್ನು ದಾಟಿ ಹೋಗಿ ಅಡ್ಡಲಾಗಿ ನಿಲ್ಲಿಸಿದರು. ಈಗ ಅವರ ಮುಖದಲ್ಲಿ ನಗು ಇರಲಿಲ್ಲ.

"ನಾನು ಆ ಹುಡುಗಿ ತಂದೆ," ಎಂದರು.

ಮೇಡಂ ನನ್ನ ಮುಂಗೈ ಹಿಡಿದುಕೊಂಡರು. ಓಡಲೂ ಆಗದು, ಸುಳ್ಳು ಹೇಳಲೂ ಆಗದು. ಆ ಮನುಷ್ಯ ಹಿಂದೆ ಮುಂದೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಪಂಪ್‌ಹೌಸ್ ಆದ್ಮೇಲೆ ಕುಂಟೆ ಬರತ್ತೆ ಮೇಡಂ. ನಿಮಗೂ ಗೊತ್ತು, ನನಗೂ ಗೊತ್ತು. ನೀವು ಕೆರೆ ಅಂದ್ರಿ ನೋಡಿ, ಅವಾಗ ಅರ್ಥ ಆಯ್ತು ನೀವು ಮಗಳ ಕಡೆ ಅಂತ. ಅದಕ್ಕೇ ನಾನೇ ಮೊದ್ಲು ನಕ್ಕೆ."

ಮೊಪೆಡ್ಡಿನ ಎಂಜಿನ್ ಆರಿಸಿ ಮತ್ತೆ ಹೇಳಿದರು.

"ಅವಳು ಟೈಲರಿಂಗ್‌ಗೆ ಹೋಗಲ್ಲ ಅಂತ ಶುರುವಿಂದ್ಲೂ ಗೊತ್ತು. ಬೇಲಿ ದಾಟೋದು ನಾನೇ ನೋಡಿದ್ದೀನಿ. ಹೆಂಡ್ತಿ ತಮ್ಮ ಅವನು, ಮಾತು ಕೊಟ್ಬಿಟ್ಟಿದ್ದೀನಿ, ಎದುರು ನಿಂತು ಬೇಡ ಅನ್ನೋ ಧೈರ್ಯ ನನಗಿಲ್ಲ. ಓದು ಮುಗಿದು ಒಂದು ಕೆಲಸ ಅಂತ ಆದ್ರೆ ಅವಳೇ ಬೇಡ ಅಂತಾಳೆ. ಅಲ್ಲೀವರೆಗೆ ನಾನು ಏನೂ ಗೊತ್ತಿಲ್ಲದಂಗೆ ಇರ್ತೀನಿ." ಕೈ ಮುಗಿದರು. "ಪುಸ್ತಕದಲ್ಲಿ ನಮ್ಮೂರ ಹೆಸರು ಬೇಡ ಮೇಡಂ. ಅವನು ಓದೇ ಓದ್ತಾನೆ. ಮತ್ತೆ, ನನಗೆ ಗೊತ್ತು ಅಂತ ಮಗಳಿಗೆ ಹೇಳ್ಬೇಡಿ. ಗೊತ್ತಾದ್ರೆ ನಾಚ್ಕೊಂಡು ಮನೇಲೇ ಕೂತ್ಬಿಡ್ತಾಳೆ."

ಮೇಡಂ ಕೈಯಲ್ಲಿದ್ದ ನನ್ನ ಮುಂಗೈ ನೋಯತೊಡಗಿತ್ತು. ಆಮೇಲೆ "ಆಯ್ತಣ್ಣ" ಎಂದರು.

ಮಾರನೆಯ ದಿನ ವಿಭಾಗದ ಬಾಗಿಲು ಹಾಕಿಕೊಂಡು ಕೂತೆವು. ತಲೆಬರಹದಿಂದ ಊರು ಹೋಯಿತು. ಬಳಿಕ ಹೋಬಳಿ ಹೋಯಿತು, ತಾಲ್ಲೂಕು ಹೋಯಿತು. ಸೊಪ್ಪಿನ ತೋಟ, ಪಂಪ್‌ಹೌಸು, ಕುಂಟೆ, ಒಂದೊಂದಾಗಿ ಅಳಿಸಿದೆವು. ಇಡೀ ದಾರಿಯ ಜಾಗದಲ್ಲಿ ಕೊನೆಗೆ ಉಳಿದದ್ದು ವಿದ್ಯಾರ್ಥಿನಿಯೊಬ್ಬಳು ಸ್ವಲ್ಪ ದೂರ ನಡೆದು ಬಸ್ಸು ಹಿಡಿಯುತ್ತಾಳೆ ಎಂಬ ಒಂದೇ ವಾಕ್ಯ. ಮೇಡಂ ಹೇಳುತ್ತಿದ್ದರು, ನಾನು ಅಳಿಸುತ್ತಿದ್ದೆ. ಒಮ್ಮೆ ತಿರುಗಿ ನೋಡಿದಾಗ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಹುಡುಗಿಯ ಸುರಕ್ಷತೆಗಾಗಿ ತೆಗೆದಿದ್ದೇವೆ ಅಂತ ಒಂದು ಸಾಲು ಸೇರಿಸೋಣ ಮೇಡಂ," ಎಂದೆ. "ಪತ್ರಿಕೆಯವರು ಒಪ್ತಾರೆ. ನೀವು ಸೋತ ಹಾಗಾಗಲ್ಲ."

"ಹಾಗೆ ಬರೆದ್ರೆ ಇಲ್ಲೇನೋ ಇದೆ ಅಂತ ಅವನು ಹುಡುಕ್ತಾನೆ. ನಾನು ಡೈರಿಯಲ್ಲಿ ನಿಂತು ಓದಿದ್ದು ಊರಿಗೆಲ್ಲ ಗೊತ್ತು. ಬೇಡ. ಸೋತೆ ಅಂತಾನೇ ಇರಲಿ."

"ಇಷ್ಟು ವರ್ಷ ಜಗಳ ಆಡಿದ್ದು?"

"ಪೋನೀಲೇ," ಎಂದರು. ಹೋಗಲಿ ಬಿಡು ಎಂದು.

ಸಂಪಾದಕರ ಉತ್ತರ ಬೇಗ ಬಂತು. ಕೊನೆಗೂ ನಮ್ಮ ಸಲಹೆಯ ಮೌಲ್ಯ ನಿಮಗೆ ಮನವರಿಕೆಯಾದದ್ದು ಸಂತೋಷ, ಈಗ ಈ ಬರಹ ಇಡೀ ಜಗತ್ತಿಗೆ ಸಲ್ಲುತ್ತದೆ ಎಂದಿದ್ದರು. ಮೇಡಂ ಅದನ್ನು ಓದಿ ಪಕ್ಕಕ್ಕಿಟ್ಟರು. ಪ್ರಬಂಧ ಅಚ್ಚಾಯಿತು, ಹೆಸರು ಮಾಡಿತು. ವಿಭಾಗದಲ್ಲಿ, ಸೆಮಿನಾರುಗಳಲ್ಲಿ ಜನ ಚುಚ್ಚಿದರು. "ಏನ್ ತಹಶೀಲ್ದಾರ್ ಮೇಡಂ, ಹೋಬಳಿ ಎಲ್ಲಿ?" ಎಂದು ಎದುರಿಗೇ ಕೇಳುವಷ್ಟು ಸದರವಾಯಿತು. ಮೇಡಂ ಕನ್ನಡಕ ಹಣೆಗೇರಿಸುವುದನ್ನೇ ಬಿಟ್ಟರು. ಯಾರು ಏನಂದರೂ "ಹೌದಪ್ಪಾ" ಎಂದುಬಿಡುತ್ತಿದ್ದರು. ಆ ಹೌದಪ್ಪಾ ಕೇಳಿದಾಗೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಸೆಕ್ರೆಟರಿ ಕೇಳಿದ್ದ ಲಿಂಕನ್ನು ಮೇಡಂ ಅವನಿಗೆ ಕಳಿಸಿದರು. ಊರಿನ ಹೆಸರಿಲ್ಲದ್ದನ್ನು ನೋಡಿ ಅವನು ಗ್ರೂಪ್‌ಗೆ ಹಾಕಲೇ ಇಲ್ಲವಂತೆ. ಆ ಹುಡುಗಿ ಪರೀಕ್ಷೆ ಬರೆದಳು, ಆಮೇಲೆ ಬಿ.ಎಡ್. ಮಾಡಿದಳು. ಮದುವೆ ಇಂದು ನಾಳೆ ಎಂದು ಮುಂದಕ್ಕೆ ಹೋಗಿ ಹೋಗಿ, ಕಾದು ಸಾಕಾಗಿ ಅವನು ಬೇರೆ ಕಡೆ ಹೆಣ್ಣು ನೋಡಿಕೊಂಡ. ಅವಳೀಗ ಮಾಲೂರಿನ ಕಡೆ ಹೈಸ್ಕೂಲಿನಲ್ಲಿ ಟೀಚರು.

ಶ್ರದ್ಧಾಂಜಲಿ ಸಭೆಗೆ ಅವಳೂ ಬಂದಿದ್ದಳು. ಪ್ರೊಫೆಸರರ ಮಾತಿಗೆ ಸಭೆ ನಕ್ಕಾಗ ಅವಳು ನಗಲಿಲ್ಲ, ತಲೆ ತಗ್ಗಿಸಿದಳು. ಮುಗಿದ ಮೇಲೆ ಹೊರಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಆ ಪ್ರೊಫೆಸರ್ ಹೇಳಿದ್ದು ನಿಜ ಅಲ್ವಾ ಮೇಡಂ? ನನ್ನ ದಾರಿ ಅಚ್ಚಾಗತ್ತೆ ಅಂತ ಎಷ್ಟು ಕಾದಿದ್ದೆ. ಆಮೇಲೆ ನೋಡಿದ್ರೆ ಒಂದೇ ಲೈನು. ದೊಡ್ಡ ಮೇಡಂನೇ ಕೇಳಿದ್ದಕ್ಕೆ, ಪತ್ರಿಕೆಯವರು ತೆಗೆದ್ರಮ್ಮ, ನೀನು ಚೆನ್ನಾಗಿ ಬರೆದಿದ್ದೆ ಅಂದ್ರು. ದೊಡ್ಡ ಮೇಡಂ ಮೇಲೆ ಕೋಪ ಬಂದಿತ್ತು ನನಗೆ. ಇವತ್ತಿಗೂ ಸ್ವಲ್ಪ ಇದೆ. ಸತ್ತವರ ಮೇಲೆ ಕೋಪ ಇಟ್ಕೋಬಾರ್ದು, ಆದ್ರೂ ಇದೆ."

ಮೇಡಂ ಆ ತಂದೆಗೆ ಕೊಟ್ಟ ಮಾತನ್ನು ಸಾಯುವವರೆಗೂ ಉಳಿಸಿಕೊಂಡಿದ್ದರು. ಇವಳ ಕೋಪವನ್ನೂ ಹೊತ್ತುಕೊಂಡೇ ಹೋದರು. ನನಗೆ ಅಷ್ಟು ಶಕ್ತಿ ಇರಲಿಲ್ಲ. ಮರದ ಕೆಳಗೆ ಅವಳನ್ನು ಕೂರಿಸಿಕೊಂಡು ಡೈರಿಯ ಸಂಜೆಯನ್ನು ಪೂರ್ತಿ ಹೇಳಿದೆ. ಕೆರೆ, ತಾವರೆ, ನಗು, ಮೊಪೆಡ್ಡು, ಎಲ್ಲ.

"ಅಪ್ಪಂಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು. ಮೊದಲಿಂದ್ಲೂ."

"ದಿನಾ ಬೆಳಗ್ಗೆ ಟೈಲರಿಂಗ್ ಎಲ್ಲೀವರೆಗೆ ಬಂತಮ್ಮ ಅಂತ ಕೇಳೋರು. ನಾನು ದಿನಾ ಒಂದೊಂದು ಸುಳ್ಳು ಹೇಳ್ತಿದ್ದೆ. ಕಾಲರ್ ಕಲಿಸಿದ್ರು, ತೋಳು ಕಲಿಸಿದ್ರು ಅಂತ." ಚೀಲದಲ್ಲಿ ಫೋನು ಹುಡುಕತೊಡಗಿದಳು. "ಎಲ್ಲಾ ಕೇಳಿಸ್ಕೊಂಡು ಚೆನ್ನಾಗಿ ಕಲಿ ಅನ್ನೋರು."

ಫೋನು ತೆಗೆದು ಊರಿಗೆ ಹಚ್ಚಿದಳು. ಆ ಕಡೆಯಿಂದ ತಂದೆಯ ದನಿ ನನಗೂ ಕೇಳಿಸಿತು, ಏನಮ್ಮಾ, ಇಷ್ಟೊತ್ನಲ್ಲಿ ಎಂದು.

"ಏನಿಲ್ಲಪ್ಪಾ," ಎಂದಳು. "ಊಟ ಆಯ್ತಾ?"

ಫೋನನ್ನು ಕಿವಿಗೆ ಒತ್ತಿಕೊಂಡು ಹಾಗೇ ಅಳುತ್ತಾ ಕೂತಳು. ಅವರು ಆ ಕಡೆಯಿಂದ ಏನಾಯ್ತಮ್ಮಾ, ಏನಾಯ್ತಮ್ಮಾ ಎಂದು ಕೇಳುತ್ತಲೇ ಇದ್ದರು.